ಬಸುರಿಯ ಗಂಡ ಕಾಯಿ ಒಡೆಯಬಾರದು

ನಮ್ಮ ಮನೆಯ ಅಟ್ಟದಲ್ಲಿ ಸಾವಿರಾರು ತೆಂಗಿನಕಾಯಿಗಳಿದ್ದವು. ಕೆಳಗೆ ಅಡುಗೆಮನೆಯಲ್ಲಿ ನಾನು ಕಾಯಿ ಇಲ್ಲದ ಸಾರು ಕುದಿಸುತ್ತಿದ್ದೆ. ಹೊನ್ನವಳ್ಳಿ ಸೀಮೆಯಲ್ಲಿ ಅಂಥ ಸಾರು ಉಂಡ ಗಂಡಹೆಂಡತಿ ಎಂದರೆ ನಾವಿಬ್ಬರೇ ಇರಬೇಕು. ಇದಕ್ಕೆ ಬಡತನ ಕಾರಣವಲ್ಲ, ಜಿಪುಣತನವೂ ಅಲ್ಲ. ನಮ್ಮ ಅತ್ತೆ ಹೊಂಬಾಳಮ್ಮ ಕಾರಣ.

ನಾನು ಬಸುರಿ ಎಂದು ಗೊತ್ತಾದ ದಿನವೇ ಅವರು ನಡುಮನೆಯಲ್ಲಿ ನಿಂತು ಅಪ್ಪಣೆ ಹೊರಡಿಸಿದರು. “ಇವತ್ತಿಂದ ಈ ಮನೇಲಿ ಗಾನವಿ ಕಾಯಿ ಒಡೆಯಂಗಿಲ್ಲ. ಅವಳ ಗಂಡನೂ ಒಡೆಯಂಗಿಲ್ಲ.”

ಬಸುರಿಯೂ ಅವಳ ಗಂಡನೂ ಕಾಯಿ ಒಡೆಯಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಶಾಸ್ತ್ರವೇ. ಗುಡಿಗೆ ಹೋದರೆ ಬೇರೆಯವರ ಕೈಗೆ ಕೊಟ್ಟು ಒಡೆಸುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ನನ್ನ ಗಂಡ ಮೋಹನ್ ಕುಮಾರನ ಕಸುಬೇ ಕಾಯಿ ಒಡೆಯುವುದು. ವರ್ಷದಷ್ಟು ಕಾಲ ಅಟ್ಟದಲ್ಲಿ ಮಲಗಿ ಒಣಗಿದ ಕಾಯಿಯ ಮಟ್ಟೆ ಸುಲಿದು, ಚಿಪ್ಪಿಗೆ ಮಚ್ಚಿನಿಂದ ಹದವಾಗಿ ಏಟು ಕೊಟ್ಟು, ಒಳಗಿನ ಕೊಬ್ಬರಿ ಒಂದು ಚೂರೂ ಮುಕ್ಕಾಗದಂತೆ ಉಂಡೆಯಾಗಿ ತೆಗೆಯಬೇಕು. ಅದರಲ್ಲಿ ಅವನದು ಹೆಸರಾದ ಕೈ. ತುರುವೇಕೆರೆ, ಅಮ್ಮಸಂದ್ರದಾಚೆಗೂ ಅವನ ತಂಡವನ್ನು ಕರೆಯುತ್ತಾರೆ. ಹೋದರೆ ಕೆಲಸ ಮುಗಿಯುವವರೆಗೆ ಅಲ್ಲೇ ತೋಟದಲ್ಲಿ ಬಿಡಾರ. ಮದುವೆಯಾದ ಮೇಲೆ ನಾನು ಅವನ ಮುಖ ನೋಡಿದ್ದಕ್ಕಿಂತ ಅವನ ಬನಿಯನ್ ಒಗೆದದ್ದೇ ಹೆಚ್ಚು. ಎದುರಿಗೆ ‘ರೀ’ ಎನ್ನುತ್ತೇನೆ, ಮನಸ್ಸಿನಲ್ಲಿ ಅವನು ಮೋಹನನೇ. ಇಲ್ಲಿಯೂ ಹಾಗೇ ಬರೆಯುತ್ತೇನೆ, ಬೇಜಾರಿದ್ದವರು ಇಟ್ಟುಕೊಳ್ಳಲಿ.

“ಕೊಬ್ಬರಿ ಒಡೆಯೋದು ಕಾಯಿ ಒಡೆದಂಗಲ್ಲ ಕಣಮ್ಮ,” ಎಂದು ಅವನು ವಾದಕ್ಕಿಳಿದ. “ಚಿಪ್ಪು ಬಿಡಿಸೋದು ಅಷ್ಟೆ. ಒಳಗಿನ ಉಂಡೆ ಹಂಗೇ ಇರ್ತೈತೆ.”

“ಮಚ್ಚು ಎತ್ತುತೀಯೋ ಇಲ್ವೋ?”

“ಎತ್ತುತೀನಿ.”

“ಚಿಪ್ಪು ಒಡೀತೈತೋ ಇಲ್ವೋ?”

“ಒಡೀತೈತೆ.”

“ಮತ್ತಿನ್ನೇನು? ಸುಮ್ನೆ ಮನೇಲಿರು.”

ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಮಾವ ಶಿವಣ್ಣನವರು ತಲೆ ಎತ್ತಿದರು. ಅವರೂ ಹಿಂದೆ ಇದೇ ಕಸುಬಿನವರು, ಮಗನಿಗೆ ಮಚ್ಚು ಹಿಡಿಯಲು ಕಲಿಸಿದವರು. “ಕೊಬ್ಬರಿಗೂ ಐತಾ ಈ ಶಾಸ್ತ್ರ? ನಮ್ಮ ಕಾಲ್ದಲ್ಲಿ ಇರ್ಲಿಲ್ವಲ್ಲ.”

“ನಿಮ್ಮ ಕಾಲ್ದಲ್ಲಿ ಇರ್ಬೇಕಾಗಿತ್ತು,” ಎಂದರು ಅತ್ತೆ, ಅವರ ಕಡೆ ತಿರುಗಿಯೂ ನೋಡದೆ.

ಮಾವ ಎಲೆಯನ್ನು ಬಾಯಿಗಿಟ್ಟು ಎದ್ದು ಕೊಟ್ಟಿಗೆಗೆ ಹೋದರು. ಗಂಡಹೆಂಡಿರ ಮಾಮೂಲಿ ಕುಟುಕು ಎಂದುಕೊಂಡು ನಾನು ನನ್ನ ವಾಂತಿಯ ಕಡೆ ಗಮನ ಕೊಟ್ಟೆ.

ನನ್ನ ತವರು ಹಾಲ್ಕುರಿಕೆ. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು, ಆದರೆ ನಮ್ಮಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. “ತಾಯಿ ಇಲ್ಲದ ತವರು ನೀರಿಲ್ಲದ ಬೋರ್‌ವೆಲ್ಲು. ಇಲ್ಲೇ ಇರು,” ಎಂದರು ಅತ್ತೆ. ಅಂತೂ ನಾನೂ ಮನೆಯಲ್ಲಿ, ಗಂಡನೂ ಮನೆಯಲ್ಲಿ.

ಗಂಡ ಹತ್ತಿರವಿರಲಿ ಎಂದು ಎಷ್ಟು ಹಂಬಲಿಸಿದ್ದೆನೋ ಅಷ್ಟೇ ಬೇಗ ಸಾಕುಸಾಕಾಯಿತು. ಮೊದಮೊದಲು ಅವನು ಮಧ್ಯಾಹ್ನದವರೆಗೆ ಮಲಗಿದ. ಆಮೇಲೆ ಮೊಬೈಲು ಹಿಡಿದು ಮಲಗಿದ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಬುದ್ಧಿ ಹೇಳತೊಡಗಿದ. ಈರುಳ್ಳಿ ಹೀಗೆ ಹೆಚ್ಚಬಾರದಂತೆ. ಅತ್ತೆ ತೋಟಕ್ಕೆ ಹೋದಾಗ ಮನೆಯಲ್ಲಿ ಕಾಯಿ ಒಡೆಯುವ ಅರ್ಹತೆ ಯಾರಿಗೂ ಉಳಿಯುತ್ತಿರಲಿಲ್ಲ. ಮಾವ ಆ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಿದ್ದರು. ಆಗ ಪಕ್ಕದ ಮನೆಯ ಸಿದ್ದಕ್ಕನನ್ನು ಕೂಗಬೇಕು. ಆಕೆ ಬರುವಳು, ಕಾಯಿ ಒಡೆಯುವಳು, ಎಳನೀರಿನಂತೆ ಆ ನೀರು ಕುಡಿಯುವಳು, ಒಂದು ಹೋಳು ತಾನೇ ಇಟ್ಟುಕೊಳ್ಳುವಳು, ಹೋಗುವಾಗ ಮೋಹನನ ಕಡೆ ನೋಡಿ, “ಊರಿಗೆಲ್ಲಾ ಕೊಬ್ಬರಿ ಒಡೆಯೋನ ಮನೇಲಿ ಕಾಯಿ ಒಡೆಯಕ್ಕೆ ನಾನು ಬೇಕಾಯ್ತು ನೋಡು,” ಎಂದು ಇಡೀ ಬೀದಿಗೆ ಕೇಳುವಂತೆ ನಗುವಳು. ಆಕೆಯ ಆ ಹೋಳಿನ ಆಸೆಗೆ ಬೇಸತ್ತೇ ನಾನು ಕಾಯಿ ಇಲ್ಲದ ಸಾರಿಗೆ ಇಳಿದದ್ದು.

ಆದರೆ ಬರಬರುತ್ತಾ ಅವನು ಪಳಗಿದ. ಮೊದಲ ಸಲ ತಿರುವಿದ ಮುದ್ದೆಯನ್ನು ನಾಯಿಯೂ ಮೂಸಲಿಲ್ಲ. ಆಮೇಲಿನದನ್ನು ಮಾವ ಉಂಡರು. ನನ್ನ ಕಾಲು ಊದಿಕೊಂಡ ಮೇಲೆ ಸಂಜೆ ಬಿಸಿನೀರು ತಂದು ಕಾಲು ಒತ್ತಲು ಕಲಿತ. ಹೊಟ್ಟೆಗೆ ಕಿವಿ ಇಟ್ಟು ಕೇಳುತ್ತಿದ್ದ. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಲೊಟಲೊಟ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದು ಹೇಳುವುದು ಅವನಿಗೆ ಅಭ್ಯಾಸ.

“ಒಂಚೂರು ಅಲ್ಲಾಡಿಸಿ ನೋಡ್ಲಾ?” ಎಂದ ಒಂದು ದಿನ.

“ಅಲ್ಲಾಡಿಸಿದ್ರೆ ಒದೀತೀನಿ ಕಣ್ರೀ.”

ನಾನು ಒದೆಯುವ ಮೊದಲೇ ಒಳಗಿನಿಂದ ಒದೆ ಬಿತ್ತು, ಸರಿಯಾಗಿ ಅವನ ಕಿವಿಗೆ. ಅವನು ಊರೆಲ್ಲ ಹೇಳಿಕೊಂಡು ಬಂದ. ನನಗೆ ಆಗಲೇ ಗೊತ್ತಾದದ್ದು, ಈ ಮನುಷ್ಯನನ್ನು ನಾನು ಇಷ್ಟು ದಿನ ತೋಟದವರಿಗೆ ಬಿಟ್ಟುಕೊಟ್ಟಿದ್ದೆ ಎಂದು. ಮತ್ತೆ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ನೋವು ಬೆಳಗಿನ ಕಾಫಿಯ ಹೊತ್ತಿಗೆ ಶುರುವಾಯಿತು. ಊರಿನ ಓಮ್ನಿಯಲ್ಲಿ ನಾನು, ಅತ್ತೆ, ಮತ್ತು ಯಾರೂ ಕರೆಯದಿದ್ದರೂ ಸಿದ್ದಕ್ಕ. ಮೋಹನ ಹಿಂದೆ ಸ್ಕೂಟರಿನಲ್ಲಿ. ಅದರ ಸೀಟಿನಡಿಯಲ್ಲಿ ಒಂದು ಕಾಯಿ ಇತ್ತು. ಅಟ್ಟವನ್ನೆಲ್ಲ ತಡಕಿ ತಾನೇ ಆರಿಸಿ ತಿಂಗಳಿಂದ ಜೋಪಾನ ಮಾಡಿದ್ದ. ಹೆರಿಗೆಯಾದ ಕೂಡಲೇ ಗಣಪನಿಗೆ ಈಡುಗಾಯಿ ಹೊಡೆಯುವುದು ಅವನ ಹರಕೆ. ಭಕ್ತಿ ಎಷ್ಟಿತ್ತೋ, ಅವನ ಕೈಯ ತುರಿಕೆಯೂ ಅಷ್ಟೇ ಇತ್ತು ಎಂಬುದು ನನ್ನ ಅಭಿಪ್ರಾಯ.

ತಿಪಟೂರಿನ ಆಸ್ಪತ್ರೆಯಲ್ಲಿ ಹೆರಿಗೆ ಸಲೀಸಾಗಿ ಆಯಿತು. ಸಲೀಸು ಎಂಬುದು ಹೆರದವರು ಹೇಳುವ ಮಾತು. ನಾನಂತೂ ಗಂಡನಿಗೆ, ಅವನ ವಂಶಕ್ಕೆ, ಸೀಮಂತದಲ್ಲಿ ಬಂದು ಹೋಳಿಗೆ ಉಂಡು ಹೋದವರಿಗೆಲ್ಲ ಸಹಸ್ರನಾಮ ಮಾಡಿದೆ. ಡಾಕ್ಟರ್ ಸುನಂದಾ ನಗುತ್ತಾ, “ಬೈಯಮ್ಮ, ಚೆನ್ನಾಗಿ ಬೈ, ಅದೇ ಜೋರಲ್ಲಿ ಮುಕ್ಕು,” ಎಂದರು. ಮಗು ಹೊರಬಂದು ನನಗಿಂತ ಜೋರಾಗಿ ಅತ್ತಿತು. ಹೆಣ್ಣುಮಗು. ಎದೆಯ ಮೇಲೆ ಮಲಗಿಸಿದರು. ಒದ್ದೆ ತಲೆ, ಮುಖ ತುಂಬ ಸಿಟ್ಟು, ಥೇಟ್ ನಮ್ಮ ಅತ್ತೆ. ನನಗೆ ನಗು ಬಂತು, ಅಳುವೂ ಬಂತು.

ಹೊರಗೆ ನಡೆದದ್ದನ್ನು ಸಿದ್ದಕ್ಕ ಆಮೇಲೆ ಅಭಿನಯಸಹಿತ ಹೇಳಿದಳು. ಸಿಸ್ಟರ್ ಬಂದು “ಹೆಣ್ಣುಮಗು, ನಾರ್ಮಲ್ಲು,” ಎಂದದ್ದೇ ತಡ, ಅತ್ತೆ ಫೋನು ಕಿವಿಗೆ ಅಂಟಿಸಿಕೊಂಡು ನೆಂಟರಿಗೆಲ್ಲ ವರದಿ ಒಪ್ಪಿಸತೊಡಗಿದರಂತೆ. “ನಾರ್ಮಲ್ಲು ಕಣೇ. ಹೂಂ. ನಮ್ಮ ವಂಶದಲ್ಲಿ ಹೊಟ್ಟೆ ಕುಯ್ಸಿಕೊಂಡೋರು ಯಾರವ್ರೆ ಹೇಳು?” ಹೆತ್ತವಳು ನಾನು, ಹೆಗ್ಗಳಿಕೆ ಅವರ ವಂಶದ್ದು. ಮೋಹನ ಯಾರಿಗೂ ಹೇಳದೆ ಮೆಟ್ಟಿಲಿಳಿದು ಓಡಿದನಂತೆ. ಆಸ್ಪತ್ರೆಯ ಗೇಟಿನಾಚೆ ಪುಟ್ಟ ಗಣಪನ ಗುಡಿ. ಸ್ಕೂಟರಿನಿಂದ ಕಾಯಿ ತೆಗೆದು, ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಕಲ್ಲಿಗೆ ಅಪ್ಪಳಿಸಿದ. ಅಷ್ಟು ತಿಂಗಳು ತಡೆದಿಟ್ಟ ಕೈ. ಕಾಯಿ ಎಷ್ಟು ಚೂರಾಯಿತೆಂದರೆ ಪಾನಿಪೂರಿ ಗಾಡಿಯವನ ತಟ್ಟೆಗೂ ಒಂದು ಚೂರು ಬಿತ್ತೆಂದು ಆಮೇಲೆ ಅವನೇ ಸಿದ್ದಕ್ಕನಿಗೆ ಹೇಳಿದನಂತೆ.

ಒಳಗೆ ಡಾಕ್ಟರ್ ನಗುವುದನ್ನು ನಿಲ್ಲಿಸಿದ್ದರು.

ಮಗುವಿನ ಹಿಂದೆಯೇ, ಅದನ್ನು ಒಳಗೆ ಪೊರೆದ ಮಾಸು ತಾನಾಗಿ ಬೀಳಬೇಕು. ಹಸು ಎಮ್ಮೆ ಸಾಕಿದ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನನ್ನದು ಬೀಳಲಿಲ್ಲ. ಇಂಜೆಕ್ಷನ್ ಕೊಟ್ಟರು, ಹೊಟ್ಟೆ ನೀವಿದರು, ಕಾದರು. ಡಾಕ್ಟರ್ ಸಿಸ್ಟರ್‌ಗೆ ಸಣ್ಣ ದನಿಯಲ್ಲಿ ಏನೋ ಹೇಳಿದರು. ಡಾಕ್ಟರು ಗದರಿದರೆ ಹೆದರಬೇಕಾಗಿಲ್ಲ, ದನಿ ತಗ್ಗಿಸಿದರೆ ಹೆದರಬೇಕು. ಬೆಚ್ಚಗೆ ಏನೋ ಹರಿಯುತ್ತಿದೆ ಅನ್ನಿಸಿತು. ಸಿಸ್ಟರ್ ಮಗುವನ್ನು ನನ್ನ ಎದೆಯಿಂದ ಎತ್ತಿಕೊಂಡಳು. ಆ ಜಾಗ ತಣ್ಣಗಾಯಿತು, ಆಮೇಲೆ ಕೈಕಾಲು ತಣ್ಣಗಾದವು, ಕಿವಿಯೊಳಗೆ ದೂರದ ತೋಟದ ಮೋಟಾರು ಓಡಿದಂಥ ಸದ್ದು. ಸಿನಿಮಾದಲ್ಲಿ ಇಂಥ ಹೊತ್ತಿನಲ್ಲಿ ಹೆಂಗಸರು ದೇವರನ್ನೋ ತಾಯಿಯನ್ನೋ ನೆನೆಯುತ್ತಾರೆ. ನನಗೆ ಅಟ್ಟದ ಏಣಿ ಸರಿಯಾಗಿ ಕಟ್ಟಿದ್ದೆನೋ ಇಲ್ಲವೋ ಎಂಬ ಯೋಚನೆ ಬಂತು. ಅದರ ಹಿಂದೆಯೇ, ನಾನು ಸಾಯುತ್ತಿದ್ದೇನೆ ಎಂಬ ಯೋಚನೆ. ನನಗೆ ತುಂಬ ಹೆದರಿಕೆಯಾಯಿತು. ಆ ಮಗುವಿನ ಸಿಟ್ಟಿನ ಮುಖವನ್ನು ಇನ್ನೊಂದು ಸಲ ನೋಡದೆ ಹೋಗಿಬಿಡುತ್ತೇನೆ ಎನ್ನಿಸಿತು.

“ನಮ್ಮ ಮನೆಯವರನ್ನ ಕರೀರಿ,” ಎಂದೆ.

ಸಿಸ್ಟರ್ ಬಾಗಿಲು ತೆಗೆದು ಕೂಗಿದಳು. ಅತ್ತೆ ಬಂದರು, ಸಿದ್ದಕ್ಕ ಬಂದಳು. ಬೇಕಾಗಿದ್ದವನು ಬರಲಿಲ್ಲ. ಬಸುರಿನುದ್ದಕ್ಕೂ ಬಾಗಿಲಿಗೆ ಒರಗಿ ನಿಂತು ಈರುಳ್ಳಿಗೆ ಬುದ್ಧಿ ಹೇಳಿದ ಗಂಡ, ಆ ಗಳಿಗೆಯಲ್ಲಿ ಮಾತ್ರ ಇರಲಿಲ್ಲ.

“ಮೋಹನ ಎಲ್ಲೋದ? ಲೇ, ಮೋಹನಾ!” ಅತ್ತೆಯ ದನಿ ನಡುಗಿತು. ಅವರ ದನಿ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋಗುವಾಗ ಅವನು ಸಿಕ್ಕಿದ. ಏದುಸಿರು ಬಿಡುತ್ತಿದ್ದ, ಅಂಗಿಯ ಮುಂಭಾಗ ಕಾಯಿನೀರಿನಿಂದ ಒದ್ದೆಯಾಗಿತ್ತು, ಮೀಸೆಯಲ್ಲಿ ಬಿಳಿಯ ಚೂರೊಂದು ಸಿಕ್ಕಿಕೊಂಡಿತ್ತು, ಬಾಯಲ್ಲಿ ಇನ್ನೂ ಅಗಿಯುತ್ತಿದ್ದ. ನನ್ನ ಮುಖ ನೋಡಿ ಅಗಿಯುವುದು ನಿಂತಿತು. ನಾನು ಎಷ್ಟೋ ಮಾತು ಹೇಳಬಹುದಿತ್ತು. ಮಗು ಜೋಪಾನ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಒಂದೇ.

“ಕಾಯಿ ಒಡೆದ್ರಾ?”

ಅಷ್ಟರಲ್ಲಿ ಬಾಗಿಲು ಮುಚ್ಚಿತು.

ಆಮೇಲಿನದ್ದು ಮತ್ತೆ ಸಿದ್ದಕ್ಕನ ವರದಿ. ಡಾಕ್ಟರ್ ಹೊರಬಂದು, ಮಾಸು ಗರ್ಭಕೋಶದ ಗೋಡೆಗೆ ಅಂಟಿಕೊಂಡಿದೆ, ಎಳೆದರೆ ರಕ್ತ ಇನ್ನೂ ಹೋಗುತ್ತದೆ, ಮತ್ತಿನ ಮದ್ದು ಕೊಟ್ಟು ಒಳಗೆ ಕೈಹಾಕಿ ಮೆಲ್ಲಗೆ ಬಿಡಿಸಬೇಕು, ರಕ್ತ ಬೇಕು ಎಂದರಂತೆ. ಮೋಹನ ಕಣ್ಣು ಬಿಟ್ಟುಕೊಂಡು ಕೇಳಿ, “ಚಿಪ್ಪಿಗೆ ಕೊಬ್ಬರಿ ಅಂಟಿಕೊಂಡಂಗಾ ಮೇಡಂ?” ಎಂದನಂತೆ. ಡಾಕ್ಟರೂ ತಿಪಟೂರಿನವರೇ. “ಹೂಂ ಕಣಪ್ಪ, ಹಂಗೇ,” ಎಂದರು. ಅಷ್ಟಕ್ಕೇ ನಮ್ಮ ಅತ್ತೆ ಡಾಕ್ಟರ ಕೈ ಹಿಡಿದುಕೊಂಡು, “ಹಂಗಾದ್ರೆ ಇವನ್ನೇ ಒಳಗೆ ಬುಡಿ ತಾಯಿ. ಇವನ ಕೈ ಬಲು ನಯ. ಎಂಥಾ ಅಂಟಿದ್ದನ್ನೂ ಬಿಡಿಸ್ತಾನೆ,” ಎಂದು ಅಂಗಲಾಚಿದರಂತೆ. ಗಾಬರಿಯಲ್ಲಿ ಅಂದದ್ದು ನಿಜ. ಆದರೂ ಥಿಯೇಟರಿನೊಳಗೆ ಮಚ್ಚು ಹಿಡಿದು ಬರುವ ಗಂಡನನ್ನು ನೆನೆಸಿಕೊಂಡರೆ ನಾನು ಈಗಲೂ ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಳ್ಳುತ್ತೇನೆ.

ಮೋಹನ ರಕ್ತ ತರಲು ಓಡಿದ, ತಂದುಕೊಟ್ಟ, ಬಂದು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಅಲ್ಲಿಂದಲೇ ತಾಯಿಯನ್ನು ಕೇಳಿದ. “ಅಮ್ಮ, ಮಾಸು ಬೀಳೋಗಂಟ ಹೆರಿಗೆ ಮುಗೀತು ಅನ್ನಂಗಿಲ್ಲ ಅಲ್ವಾ?”

“ಎಲ್ಲಿ ಮುಗೀತು? ಅಲ್ಲೀಗಂಟ ಬಸುರಿ ಲೆಕ್ಕಾನೇ ಕಣಪ್ಪ,” ಎಂದರು ಅತ್ತೆ, ಅವನು ಯಾಕೆ ಕೇಳಿದ ಎಂಬುದು ತಿಳಿಯದೆ.

ಅವನ ಪಾಲಿಗೆ ತೀರ್ಪು ಹೊರಬಿದ್ದಿತ್ತು. ಕಾಯಿ ಒಡೆಯುವಾಗ ಅವನಿನ್ನೂ ಬಸುರಿಯ ಗಂಡನೇ.

ನಾನು ಸಾಯಲಿಲ್ಲ, ಇದನ್ನು ಬರೆಯುತ್ತಿದ್ದೇನೆ. ಡಾಕ್ಟರ್ ಸುನಂದಾ ಮಾಸನ್ನು ಬಿಡಿಸಿ ತೆಗೆದರು, ಯಾರದ್ದೋ ರಕ್ತ ನನ್ನೊಳಗೆ ಹರಿಯಿತು, ಎಚ್ಚರವಾದಾಗ ಸಿಟ್ಟಿನ ಮುಖ ಪಕ್ಕದಲ್ಲೇ ಇತ್ತು. ನೋಡಲು ಬಂದವರೆಲ್ಲ ಮಗುವಿನ ತೂಕ ಕೇಳಿದರು, ಬಣ್ಣ ನೋಡಿದರು, ಮೂಗು ಯಾರದೆಂದು ಜಗಳವಾಡಿದರು. ನೀನು ಹೇಗಿದ್ದೀಯೆ ಎಂದು ಕೇಳಿದವರು ಇಬ್ಬರೇ. ಒಬ್ಬರು ಡಾಕ್ಟರು, ಅದು ಅವರ ಕೆಲಸ. ಇನ್ನೊಬ್ಬ ನನ್ನ ಗಂಡ. ಕೇಳಿದವನು ಉತ್ತರ ಕೇಳಿಸಿಕೊಳ್ಳದೆ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

ಬಾಣಂತನ ಶುರುವಾಯಿತು. ಎಣ್ಣೆ, ಬಿಸಿನೀರು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬೆಳ್ಳುಳ್ಳಿ. ಮೋಹನ ಎಲ್ಲದಕ್ಕೂ ನಿಂತ. ಬಟ್ಟೆ ಒಗೆದ, ಮಗುವನ್ನು ಎತ್ತಿ ಆಡಿಸಿದ, ಅವನ ಮುದ್ದೆ ಈಗ ನನ್ನದಕ್ಕಿಂತ ನುಣ್ಣಗಿತ್ತು. ತಂಡದವರು ಕರೆದರೆ ಮಾತ್ರ, “ನಾನು ಬರಲ್ಲ ಕಣ್ಲಾ, ಬೇರೆಯೋರ್ನ ನೋಡ್ಕಳಿ,” ಎಂದು ಫೋನಿಟ್ಟುಬಿಡುತ್ತಿದ್ದ. ಮಚ್ಚನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಎಸೆದಿದ್ದ. ಹೆರಿಗೆಯಾಯಿತಲ್ಲ, ಇನ್ನೇನು ಎಂದರೆ ಬಟ್ಟೆ ಎತ್ತಿಕೊಂಡು ಒಗೆಯಲು ಹೋಗುವನು. ಕೊನೆಗೆ ಕೊಬ್ಬರಿ ಎಣ್ಣೆಯ ಡಬ್ಬಿಯನ್ನು ಕೂಡ ನನ್ನ ಕೈಗೇ ಕೊಟ್ಟು, “ನೀನೇ ಮುಚ್ಚಳ ತೆಗಿ,” ಎಂದಾಗ ನಾನು ಹಿಡಿದು ಕೂರಿಸಿ ಕೇಳಿದೆ.

“ನೀನು ಕೇಳ್ದೆ ಅಲ್ವಾ, ಕಾಯಿ ಒಡೆದ್ರಾ ಅಂತ?” ಎಂದ. “ಒಡೆದೆ ಗಾನವಿ. ನಿನ್ನ ಕೊಂದೇ ಹಾಕ್ತಿದ್ದೆ. ಇನ್ನು ಈ ಜನ್ಮದಲ್ಲಿ ಕಾಯಿ ಮುಟ್ಟಲ್ಲ.”

ಗಂಡ ಮನೆಯಲ್ಲೇ ಇರುತ್ತಾನೆ ಎಂದು ನಾನು ಖುಷಿಪಡಬೇಕಿತ್ತು. ಒಂದೆರಡು ದಿನ ಪಟ್ಟೆ ಕೂಡ, ಸುಳ್ಳು ಯಾಕೆ. ಆದರೆ ಪಳಗಿದ ಗಂಡ ಬೇರೆ, ಕುಗ್ಗಿದ ಗಂಡ ಬೇರೆ. ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುವನು, ಮಗು ನಕ್ಕರೆ ಬೆಚ್ಚುವನು. ನನಗೆ ಮೊದಲಿನ ಮೋಹನ ಬೇಕಾಗಿತ್ತು, ಈರುಳ್ಳಿಯ ವಿಷಯಕ್ಕೆ ಜಗಳ ತೆಗೆಯುವವನು.

ಈ ನಡುವೆ ನಮ್ಮ ಅಟ್ಟದ ಕಾಯಿಗಳು ಕೊಬ್ಬರಿಯಾಗಿ ಬಹಳ ದಿನವಾಗಿತ್ತು. ಇಲಿಗಳು ಹಬ್ಬ ಮಾಡುತ್ತಿದ್ದವು. ಬೇರೆ ದಾರಿಯಿಲ್ಲದೆ ಅತ್ತೆ ಬೇರೊಂದು ತಂಡದವರನ್ನು ಕರೆಸಿದರು. ಅವರು ಅಂಗಳದಲ್ಲಿ ಕೂತು ಮಚ್ಚು ಎತ್ತಿದರು. ಮೋಹನ ಒಳಗೆ ನನ್ನ ಮಂಚದ ಪಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಏಟು ಬಿದ್ದಂತೆಲ್ಲ ಅವನ ತುಟಿ ಅಲುಗುತ್ತಿತ್ತು.

“ಮುಕ್ಕಾಯ್ತು,” ಎಂದ. ಇನ್ನೊಂದು ಏಟು. “ಇದೂ ಹೋಯ್ತು.” ಇನ್ನೊಂದು. “ಅಯ್ಯೋ, ಅಷ್ಟು ಜೋರಾಗಿ ಯಾಕಪ್ಪ.” ಅವನ ಬಲಗೈ ತನ್ನಷ್ಟಕ್ಕೆ ತಾನೇ ಮೇಲೆದ್ದು ಮಗುವಿನ ಬೆನ್ನ ಮೇಲೆ ಮೆಲ್ಲಗೆ ಇಳಿಯುತ್ತಿತ್ತು.

ಬಾಣಂತಿ ಹೊರಗೆ ಬರಬಾರದು ಎಂಬ ಶಾಸ್ತ್ರವನ್ನು ಪಕ್ಕಕ್ಕಿಟ್ಟು ನಡುಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಗಣಪನ ಗುಡಿ, ಈಡುಗಾಯಿ, ಮಾಸಿನ ತೀರ್ಪು ಎಲ್ಲ. ಅವರು ಕೇಳುತ್ತಾ ಕೇಳುತ್ತಾ ಕಂಬ ಹಿಡಿದುಕೊಂಡರು. ಆಮೇಲೆ ಅಂಗಳದ ತಂಡದವರಿಗೆ, “ಕಾಫಿ ಕುಡ್ಕಂಡು ಬನ್ರಪ್ಪ, ನಿಧಾನಕ್ಕೆ ಬನ್ನಿ,” ಎಂದು ಹೇಳಿ ಕಳಿಸಿದರು. ತಾವೇ ಏಣಿ ಹತ್ತಿ ಗೋಣಿಚೀಲದ ಗಂಟು ಇಳಿಸಿದರು. ಮಚ್ಚನ್ನೂ ಸುಲಿದ ಕಾಯೊಂದನ್ನೂ ಮಗನ ಮುಂದೆ ಇಟ್ಟರು. ಮಾವ ಎಂದಿನಂತೆ ಜಗಲಿಯಲ್ಲಿದ್ದರು.

“ಒಡಿ.”

“ಒಡೆಯಲ್ಲಮ್ಮ.”

“ಕೊಬ್ಬರಿ ಒಡೀಬಾರ್ದು ಅಂತ ಯಾವ ಹಿರೀಕರೂ ಹೇಳಿಲ್ಲ ಕಣಪ್ಪ. ನಾನೇ ಸೇರಿಸ್ದೆ.”

ಅವನು ತಲೆ ಎತ್ತಿದ. “ನಾನು ಒಡೆದಿದ್ದು ಕೊಬ್ಬರಿ ಅಲ್ಲ. ದೇವರ ಮುಂದೆ, ಕಾಯಿ.”

ಅತ್ತೆ ಅವನ ಎದುರಿಗೆ ನೆಲದ ಮೇಲೆ ಕೂತರು. “ನಿನಗಿಂತ ಮುಂಚೆ ಒಂದು ಹೆಣ್ಣುಮಗು ಇತ್ತು ನಂಗೆ. ನಿಂಗೆ ಹೇಳಿಲ್ಲ. ಆವಾಗ ಎಲ್ಲಾ ಶಾಸ್ತ್ರಾನೂ ಮಾಡಿದ್ದೆ. ನಾನೂ ಒಂದು ಕಾಯಿ ಒಡೆದಿರ್ಲಿಲ್ಲ, ನಿಮ್ಮಪ್ಪಾನೂ ಗುಡೀಲಿ ಒಡೆದಿರ್ಲಿಲ್ಲ. ಇನ್ನೂ ತವರಿಗೆ ಹೋಗಿರ್ಲಿಲ್ಲ, ದಿನ ತುಂಬೋಕೆ ಮುಂಚೇನೇ ನೋವು ಬಂತು. ಕೂಗ್ದೆ. ಯಾರೂ ಇರ್ಲಿ‍ಲ್ಲ. ನಿಮ್ಮಪ್ಪ ಅಮ್ಮಸಂದ್ರದ ಕಡೆ ಕೊಬ್ಬರಿ ಒಡೀತಿತ್ತು. ಬರೋವತ್ತಿಗೆ ಮಗೀನ ಮಣ್ಣು ಮಾಡಿ ಆಗಿತ್ತು.”

ಜಗಲಿಯಲ್ಲಿ ಎಲೆ ಅಡಿಕೆಯ ಸದ್ದು ನಿಂತಿತು.

“ನೀನು ಹೊಟ್ಟೇಲಿದ್ದಾಗ ಆ ಸಿಟ್ಟಿಗೇ ದಿನಾ ಕಾಯಿ ಒಡೆದು ಸಾರು ಮಾಡ್ದೆ. ಎರಡೆರಡು ಒಡೆದೆ. ಏನಾಯ್ತು? ಎಮ್ಮೆ ಕರ ಇದ್ದಂಗೆ ಹುಟ್ಟಿದೆ. ಕಾಯಿ ಒಡೆದ್ರೆ ಯಾರೂ ಸಾಯಲ್ಲ ಕಣ್ಲಾ. ಕೂಗ್ದಾಗ ಓ ಅನ್ನೋರು ಇಲ್ದೇ ಇದ್ರೆ ಸಾಯ್ತಾರೆ. ಇವಳಿಗೂ ಹಂಗಾಗ್ಬಾರ್ದು ಅಂತ ನಿನ್ನ ಮನೇಲಿ ಕಟ್ಟಾಕ್ದೆ. ಹೆಂಡ್ತಿ ಹತ್ರ ಇರು ಅಂದಿದ್ರೆ ಕೇಳ್ತಿದ್ದಾ? ಶಾಸ್ತ್ರ ಅಂದೆ, ಕೇಳ್ದೆ.”

ನಾನು ಬೆಪ್ಪಾಗಿ ನಿಂತಿದ್ದೆ. ಅಷ್ಟೂ ತಿಂಗಳು ನಾನು ಬೈದುಕೊಂಡು ಉಂಡ ಕಾಯಿ ಇಲ್ಲದ ಸಾರಿನ ಕಾರಣ ಈಗ ತಿಳಿಯಿತು.

“ಅವತ್ತು ಅವಳು ಕೂಗ್ದಾಗ ನಾನೂ ಇರ್ಲಿಲ್ವಲ್ಲಮ್ಮ,” ಎಂದ ಮೋಹನ. ದನಿ ಒಡೆದಿತ್ತು.

ಈ ಉತ್ತರ ಅತ್ತೆಯದಲ್ಲ, ನನ್ನದು. “ಗೇಟಿನ ಗಂಟ ಹೋಗಿದ್ರಿ,” ಎಂದೆ. “ಬಂದ್ರಲ್ಲ. ಬಾಯಿ ತುಂಬ ಕಾಯಿ ತುಂಬ್ಕೊಂಡು ಬಂದ್ರಿ. ನನಗೆ ಒಂದು ಚೂರೂ ಇಟ್ಟಿರ್ಲಿಲ್ಲ, ಆ ಸಿಟ್ಟಿಗೆ ಕೇಳ್ದೆ, ಕಾಯಿ ಒಡೆದ್ರಾ ಅಂತ. ಇಷ್ಟು ದಿನ ಕಾಯಿ ಇಲ್ದಂಗೆ ಉಂಡೋಳು ನಾನು. ಇನ್ನೇನು ಕೇಳಲಿ?”

ಅವನು ನನ್ನನ್ನು ನೋಡಿದ. ನಗು ಮೊದಲು ಮೀಸೆಯಡಿಯಲ್ಲಿ ಕಾಣಿಸಿತು, ಆಮೇಲೆ ಕಣ್ಣಲ್ಲಿ ನೀರಿನ ಜೊತೆ. ಮಗುವನ್ನು ತಾಯಿಯ ಕೈಗೆ ಕೊಟ್ಟ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದ, ಮಚ್ಚು ಎತ್ತಿದ, ಟಕ್ ಎಂದು ಒಂದು ಏಟು, ತಿರುಗಿಸಿ ಇನ್ನೊಂದು. ಚಿಪ್ಪು ಎರಡಾಯಿತು. ಉಂಡೆ ಕೊಬ್ಬರಿ ಒಂದು ಗೀರೂ ಇಲ್ಲದೆ ನೆಲದ ಮೇಲೆ ಉರುಳಿತು. ಮಗು ಎಚ್ಚರಾಗಿ ಕಿರುಚಿತು.

ಸಂಜೆಯೊಳಗೆ ಸುದ್ದಿ ಹೋಗಿ, ಅವನ ತಂಡದವರು ಫೋನು ಮಾಡಿದರು. ನಾಳೆ ತುರುವೇಕೆರೆ ಕಡೆ ದೊಡ್ಡ ಅಟ್ಟ, ಅಲ್ಲೇ ಉಳಿಯಬೇಕು, ಬರುತ್ತೀಯಾ ಎಂದು. “ಬತ್ತೀನಿ ಕಣ್ಲಾ,” ಎಂದ ಮೋಹನ, ಹಳೆಯ ಗತ್ತಿನಲ್ಲಿ. ಅವನ ಮುಖ ಅರಳಿದ್ದು ನೋಡಿ ಸಂತೋಷವಾಯಿತು. ಉಳಿಯಬೇಕು ಎಂಬ ಮಾತು ಮಾತ್ರ ನನಗೆ ಹಿಡಿಸಲಿಲ್ಲ.

ಊಟಕ್ಕೆ ಬಡಿಸುತ್ತಾ ನಾನು ಗಂಭೀರವಾಗಿ ಹೇಳಿದೆ. “ಹೋಗಿಬನ್ನಿ. ಆದ್ರೆ ದೀಪ ಹಚ್ಚೋದ್ರೊಳಗೆ ಮನೇಲಿರ್ಬೇಕು. ಬಾಣಂತಿ ಗಂಡ ಬೇರೆ ಊರಲ್ಲಿ ಮಲಗಬಾರ್ದಂತೆ.”

ಮೋಹನ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. “ಎಲ್ಲಿಗಂಟ?”

“ಮಗಿಗೆ ಹಲ್ಲು ಬರೋಗಂಟ,” ಎಂದೆ.

“ಎಲ್ಲಾ ಹಲ್ಲೂ,” ಎಂದು ಸೇರಿಸಿದರು ಅತ್ತೆ, ಮುಖದ ಒಂದು ಗೆರೆಯೂ ಅಲ್ಲಾಡದೆ.

ಅದು ಆ ಗಳಿಗೆಯಲ್ಲಿ ಹುಟ್ಟಿದ ಶಾಸ್ತ್ರ ಎಂದು ಅವನಿಗೆ ಗೊತ್ತು, ನಮಗೂ ಗೊತ್ತು. ಗಂಡಸಿಗೆ ಗಂಡಸು ಆಸರೆ ಎಂದುಕೊಂಡು ಅವನು ಅಪ್ಪನ ಕಡೆ ತಿರುಗಿದ. “ನೋಡಪ್ಪ ಇವರ ಆಟಾನ. ನೀನೇ ಹೇಳು, ಇಂಥದ್ದೊಂದು ಶಾಸ್ತ್ರ ಐತಾ?”

ಮಾವ ತಟ್ಟೆಯಲ್ಲಿ ಬೆರಳಾಡಿಸಿದರು. ಅತ್ತೆಯ ಕಡೆ ನೋಡಿದರು. ಅತ್ತೆ ಈ ಸಲ ಮುಖ ತಿರುಗಿಸಲಿಲ್ಲ.

“ಐತೆ ಕಣ್ಲಾ,” ಎಂದರು ಮಾವ. “ನಮ್ಮ ಕಾಲ್ದಲ್ಲೂ ಇತ್ತು. ನಾನು ಮಾಡ್ಲಿಲ್ಲ.”